ಚಂದಾ ಕಟ್ಟಿಯಾಗಿದೆ, ಓದುವವರೆಲ್ಲಿ?

ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿ ವೇತನ, ಉಚಿತ ಪುಸ್ತಕ ವಿತರಣೆ ಮಹಾನಗರದ ನಮ್ಮ ಸಂಘ-ಸಂಸ್ಥೆಗಳಲ್ಲಿ ವರ್ಷಂಪ್ರತಿ ನಡೆಯುತ್ತವೆ. ಶ್ಲಾಘನೀಯವೇ. ಆದರೆ ಎಂ.ಎಸ್ಸಿ., ಪಿಎಚ್.ಡಿ. ಮಾಡುತ್ತಿರುವ ನಮ್ಮ ಮಕ್ಕಳಿಗೆ ಬೇಕಾದ ಸಂಶೋಧನಾ ಜರ್ನಲ್‌ಗಳ ಮಾತು ಆ ವೇದಿಕೆಗಳಲ್ಲಿ ಬರುವುದೇ ಇಲ್ಲ. ವಿದೇಶಿ ಜರ್ನಲಿನ ಒಂದೇ ಲೇಖನಕ್ಕೆ ಎರಡು-ಮೂರು ಸಾವಿರ ರೂಪಾಯಿ ಕೇಳುವುದುಂಟು. ಮಧ್ಯಮ ವರ್ಗದ ಮನೆಯ ಹುಡುಗ ಕೈಚೆಲ್ಲದೆ ಇನ್ನೇನು ಮಾಡಿಯಾನು?

ಗ್ರಂಥಾಲಯಗಳ ಪಾಡೂ ಇಂಥದ್ದೇ. ಜರ್ನಲ್‌ಗಳ ಚಂದಾ ಡಾಲರಿನಲ್ಲಿ, ಅನುದಾನ ರೂಪಾಯಿಯಲ್ಲಿ. ಪ್ರಕಾಶಕರು ಬೇಕಾದುದರ ಜತೆ ಬೇಡವಾದುದನ್ನೂ ಕಟ್ಟಿ ಗಂಟಿನಲ್ಲೇ ಮಾರುತ್ತಾರೆ. ಒಬ್ಬೊಬ್ಬರೇ ಚೌಕಾಶಿ ಮಾಡಿ ಸಾಕಾಗಿ ಗ್ರಂಥಾಲಯಗಳು ಒಕ್ಕೂಟ ಕಟ್ಟಿಕೊಂಡವು. ತಾಂತ್ರಿಕ ಸಂಸ್ಥೆಗಳಿಗೆ ಇಂಡೆಸ್ಟ್, ವಿಶ್ವವಿದ್ಯಾಲಯಗಳಿಗೆ ಯುಜಿಸಿ-ಇನ್ಫೋನೆಟ್ ಬಂದವು. 2015ರಲ್ಲಿ ಎರಡೂ ಇ-ಶೋಧಸಿಂಧುವಿನಲ್ಲಿ ಸೇರಿದವು. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಮೂರು ವರ್ಷಗಳಿಗಾಗಿ 6,000 ಕೋಟಿ ರೂ. ಮಂಜೂರು ಮಾಡಿತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, ಸುಮಾರು 6,300 ಸರಕಾರಿ ಸಂಸ್ಥೆಗಳು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಇದರ ಹೊಣೆ ಹೊತ್ತಿದೆ.

ಹಣ ಸಂದಿತು. ಆದರೆ ತಮ್ಮ ವಿಶ್ವವಿದ್ಯಾಲಯದಲ್ಲಿ ಇಂಥ ಸೌಲಭ್ಯವಿದೆಯೆಂದು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು? ಬಾಗಿಲ ಬಳಿ ಒಂದು ನೋಟಿಸು ಅಂಟಿಸಿದರೆ ಪ್ರಚಾರ ಮುಗಿಯಿತೆಂಬ ಭಾವನೆ ಕೆಲವು ಕಡೆ ಇನ್ನೂ ಇದೆ. ಯಾವ ಜರ್ನಲನ್ನು ಎಷ್ಟು ಬಾರಿ ತೆರೆದರು ಎಂಬ ಲೆಕ್ಕ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಚಂದಾ ಹಣವನ್ನು ಆ ಸಂಖ್ಯೆಯಿಂದ ಭಾಗಿಸಿ, ದುಬಾರಿಯೆನಿಸಿದ್ದನ್ನು ಕೈಬಿಡುವುದು ಗ್ರಂಥಪಾಲಕರ ರೂಢಿ. ಹಿಂದೆ ಚಂದಾ ನಿಂತರೂ ಹಳೆಯ ಸಂಪುಟಗಳು ಕಪಾಟಿನಲ್ಲಿ ಉಳಿಯುತ್ತಿದ್ದವು. ಈಗ ಎಷ್ಟೋ ಸಲ ಅವೂ ಕೈತಪ್ಪುತ್ತವೆ. ಆದ್ದರಿಂದ ಗ್ರಂಥಪಾಲಕರು ತರಗತಿಗಳಿಗೇ ಹೋಗಿ ತಿಳಿಸಬೇಕು. ಪುಸ್ತಕಗಳಿರುವುದು ಬಳಕೆಗೆ ಎಂದು ಎಸ್.ಆರ್. ರಂಗನಾಥನ್ 1931ರಲ್ಲೇ ಮೊದಲ ಸೂತ್ರವಾಗಿ ಹೇಳಿದ್ದರಲ್ಲ!

ಯೋಜನೆಯ ಮೊದಲ ಹಂತದಲ್ಲಿ ಖಾಸಗಿ ಟ್ರಸ್ಟ್‌ಗಳ ಕಾಲೇಜುಗಳನ್ನು ಹೊರಗಿಟ್ಟದ್ದು ಸರಿಯಲ್ಲ. ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಓದುವುದು ಅಲ್ಲಿಯೇ. ಕನ್ನಡ ಸಂಶೋಧಕರಿಗೂ ಈ ವಿದೇಶಿ ಪ್ರಕಾಶಕರಿಂದ ಆಗುವ ಉಪಯೋಗ ಅಷ್ಟಕ್ಕಷ್ಟೆ. ಆದರೆ ಇನ್‌ಫ್ಲಿಬ್‌ನೆಟ್‌ನದೇ ಶೋಧಗಂಗಾದಲ್ಲಿ ಕನ್ನಡದವೂ ಸೇರಿ ದೇಶದ ಪಿಎಚ್.ಡಿ. ಪ್ರಬಂಧಗಳು ಯಾರಿಗೂ ಉಚಿತ.

ಸಂಘಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಮುಂದಿನ ಪ್ರತಿಭಾ ಪುರಸ್ಕಾರದಂದು ಒಬ್ಬ ಗ್ರಂಥಪಾಲಕರನ್ನು ಕರೆಸಿ, ಅರ್ಧ ಗಂಟೆ ಕೊಡಿ. ಲಾಗಿನ್ ಪಡೆಯುವುದು ಹೇಗೆ, ಶೋಧಗಂಗಾದಲ್ಲಿ ಹುಡುಕುವುದು ಹೇಗೆ ಎಂದು ಪರದೆಯ ಮೇಲೆ ತೋರಿಸಲಿ. ಬೇಕಿದ್ದರೆ ಅತಿಥಿಗಳ ಭಾಷಣಗಳಲ್ಲಿ ಒಂದನ್ನು ಕಡಿಮೆ ಮಾಡಬಹುದು.