ಇಪ್ಪತ್ತರಿಂದ ಇಪ್ಪತ್ನಾಲ್ಕು ಗಂಟೆಗೆ

ಕೆನಡಾದಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳು ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ ದುಡಿಯಬಹುದೆಂಬ ನಿಯಮ ಜಾರಿಗೆ ಬಂದದ್ದು 2024ರ ನವೆಂಬರ್ 8ರಂದು. ಈ ಅಂಕಿ ಮುಟ್ಟುವ ಮೊದಲು ನಿಯಮ ತುಳಿದ ಹಾದಿಯನ್ನು ಈಗ ಹಿಂತಿರುಗಿ ನೋಡಿದರೆ, ಕೊನೆಯ ಕೆಲವು ವರ್ಷಗಳ ಏರಿಳಿತದಲ್ಲಿ ವಿದ್ಯಾರ್ಥಿಯ ಓದಿಗಿಂತ ಅಲ್ಲಿನ ಅಂಗಡಿ, ಗೋದಾಮು, ಹೋಟೆಲುಗಳ ಆಳಿನ ಕೊರತೆಯೇ ಹೆಚ್ಚು ಕಾಣುತ್ತದೆ.

ಮೊದಲು ಹೀಗಿರಲಿಲ್ಲ. 2006ರಲ್ಲಿ ಹೊರಗಿನ ಕೆಲಸಕ್ಕೆ ದೇಶದಾದ್ಯಂತ ಅವಕಾಶ ಸಿಕ್ಕಾಗ ಅದಕ್ಕೆಂದೇ ಪ್ರತ್ಯೇಕ ಪರ್ಮಿಟ್ ಪಡೆಯಬೇಕಿತ್ತು. 2014ರ ಜೂನ್ 1ರಿಂದ ಆ ಅಲೆದಾಟ ತಪ್ಪಿತು. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪೂರ್ಣಾವಧಿ ಓದುವವರಿಗೆ ಸ್ಟಡಿ ಪರ್ಮಿಟ್ಟೇ ಸಾಕಾಯಿತು. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ನಿಗದಿತ ರಜೆಯಲ್ಲಿ ಪೂರ್ತಿ ಕೆಲಸ. ಅದು ನಿಜಕ್ಕೂ ಒಳ್ಳೆಯ ಸುಧಾರಣೆ.

ಮಿತಿ ಮೀರಿದವರಿಗೆ ಮಾತ್ರ ಕರುಣೆಯಿರಲಿಲ್ಲ. 2017ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್–ಟೊರಾಂಟೊ ನಡುವೆ ಲಾರಿ ಓಡಿಸುತ್ತಿದ್ದ ಪಂಜಾಬಿ ವಿದ್ಯಾರ್ಥಿಯೊಬ್ಬನನ್ನು ಹೆದ್ದಾರಿಯಲ್ಲಿ ತಡೆದರು. ಡಿಪ್ಲೊಮಾ ಮುಗಿಯಲು ಕೆಲವೇ ದಿನ ಬಾಕಿಯಿತ್ತು. ಫೀಸು ಹೊಂದಿಸಲು ಅವನು ಹೆಚ್ಚು ಗಂಟೆ ದುಡಿದಿದ್ದ. 2019ರಲ್ಲಿ ದೇಶ ಬಿಡಬೇಕೆಂಬ ಆದೇಶ ಬಂತು. ಕಳ್ಳತನವಲ್ಲ, ಮೋಸವಲ್ಲ, ಹೆಚ್ಚು ದುಡಿದದ್ದೇ ತಪ್ಪು.

ಮುಂದೆ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಕಾಲದಲ್ಲಿ, ಅಗತ್ಯ ಸೇವೆಗಳಲ್ಲಿದ್ದ ವಿದ್ಯಾರ್ಥಿಗಳಿಗೆ ಮಿತಿ ಸಡಿಲವಾಯಿತು. 2022ರ ನವೆಂಬರ್ 15ರಿಂದ, ಕೆಲಸಗಾರರ ಅಭಾವದ ಹೆಸರಿನಲ್ಲಿ, ಮಿತಿಯನ್ನೇ ತೆಗೆದುಹಾಕಿದರು. ಒಬ್ಬ ಹುಡುಗನನ್ನು ಹೊರದಬ್ಬಿದ ಅದೇ ದುಡಿಮೆ ಐದು ವರ್ಷದೊಳಗೆ ದೇಶಕ್ಕೆ ಬೇಕಾದ ಸೇವೆಯಾಯಿತು. ಈ ವಿನಾಯಿತಿ ತಾತ್ಕಾಲಿಕ, ಅರ್ಜಿ ಹಾಕಿದ ದಿನಾಂಕಕ್ಕೆ ಕಟ್ಟುಬಿದ್ದದ್ದು ಎಂಬುದನ್ನು ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳಿಸುವ ಕನ್ಸಲ್ಟೆನ್ಸಿಗಳು ಎಷ್ಟು ಮನೆಗಳಿಗೆ ಬಿಡಿಸಿ ಹೇಳಿದವು?

2023ರ ಕೊನೆಗೆ ಮುಗಿಯಬೇಕಿದ್ದ ವಿನಾಯಿತಿ 2024ರ ಏಪ್ರಿಲ್ 30ರವರೆಗೆ ಮುಂದುವರಿಯಿತು. ವಾರಕ್ಕೆ 28 ಗಂಟೆಗಿಂತ ಹೆಚ್ಚು ದುಡಿಯುವವರ ಓದು ಗಣನೀಯವಾಗಿ ಕುಸಿಯುತ್ತದೆ ಎಂಬ ಅಧ್ಯಯನಗಳನ್ನು ಸರ್ಕಾರ ಆಗ ಮುಂದಿಟ್ಟಿತು. ಆ ಕಾಳಜಿ ಸರಿಯಾದದ್ದೇ. ಅದು ಎರಡು ವರ್ಷ ಮೊದಲು ನೆನಪಾಗಬೇಕಿತ್ತು. ಮಿತಿ ಮತ್ತೆ 20 ಗಂಟೆಗೆ ಮರಳಿದಾಗ, 40 ಗಂಟೆಯ ಸಂಬಳ ನಂಬಿ ಮನೆ ಬಾಡಿಗೆ, ಸಾಲದ ಕಂತು ಹೊಂದಿಸಿಕೊಂಡಿದ್ದವರಿಗೆ ಕೈಗೆ ಬರುವ ಹಣ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಇಂಥ ಇಕ್ಕಟ್ಟಿನಲ್ಲಿಯೇ ಕ್ಯಾಶ್ ಕೆಲಸದ ಆಸೆ ಹುಟ್ಟುವುದು. ಪೇ ಸ್ಲಿಪ್ ಇಲ್ಲ, ಕನಿಷ್ಠ ವೇತನದ ಖಾತ್ರಿಯಿಲ್ಲ, ಮಾಲೀಕ ದುಡ್ಡು ಹಿಡಿದುಕೊಂಡರೆ ದೂರು ಕೊಡಲು ಭಯ. ದೂರು ಕೊಟ್ಟರೆ ಮಿತಿ ಮೀರಿದ್ದು ಹೊರಬಿದ್ದು ವಿದ್ಯಾರ್ಥಿಯ ಸ್ಥಾನಮಾನವೇ ಹೋಗಬಹುದು, ಮುಂದಿನ ಪರ್ಮಿಟ್ ತಿರಸ್ಕೃತವಾಗಬಹುದು. ಗಂಟೆಯ ಮಿತಿಯ ಭಾರವೆಲ್ಲ ದುಡಿಯುವವನ ತಲೆಯ ಮೇಲೆ ಬೀಳುವುದು ಅನ್ಯಾಯ. ಅವನ ಭಯವನ್ನು ಬಳಸಿಕೊಂಡು ದುಡಿಸುವ ಮಾಲೀಕನನ್ನೂ ಅಷ್ಟೇ ಬಿಗಿಯಾಗಿ ಹಿಡಿಯಬೇಕು.

ಕರ್ನಾಟಕದಿಂದ ಹೊರಡುವವರ ಮನೆಯ ಲೆಕ್ಕಕ್ಕೆ ಬರೋಣ. ವಿದ್ಯಾರ್ಥಿ ತೋರಿಸಬೇಕಾದ ಜೀವನವೆಚ್ಚ ದಶಕಗಳ ಕಾಲ 10,000 ಡಾಲರಿನಲ್ಲೇ ನಿಂತಿತ್ತು. 2024ರ ಜನವರಿಯಲ್ಲಿ ಅದು 20,635ಕ್ಕೆ, 2025ರ ಸೆಪ್ಟೆಂಬರ್‌ನಲ್ಲಿ 22,895ಕ್ಕೆ ಏರಿತು; ಫೀಸು, ವಿಮಾನದ ಟಿಕೆಟ್ ಬೇರೆ. ಒಂಟಾರಿಯೊದ ಕನಿಷ್ಠ ವೇತನ 2025ರ ಅಕ್ಟೋಬರ್‌ನಿಂದ ಗಂಟೆಗೆ 17.60 ಡಾಲರ್. ವಾರಕ್ಕೆ 24 ಗಂಟೆಯಂತೆ 52 ವಾರವೂ ಬಿಡದೆ ದುಡಿದರೆ ಕಡಿತಕ್ಕೆ ಮೊದಲು ಸಿಗುವುದು ಸುಮಾರು 21,965 ಡಾಲರ್. ಊಟ-ವಸತಿಗೆ ಸರ್ಕಾರ ಕೇಳುವ ಮೊತ್ತವನ್ನೂ ಅದು ಮುಟ್ಟುವುದಿಲ್ಲ. ರಜೆಯ ಪೂರ್ಣಾವಧಿ ದುಡಿಮೆ ಒಂದಿಷ್ಟು ಕೂಡಿಸೀತು, ಫೀಸು ಕಟ್ಟಲಾರದು. ಆದರೂ ಪಾರ್ಟ್ ಟೈಮ್ ಮಾಡಿ ಫೀಸು ಕಟ್ಟಿಕೊಳ್ಳುತ್ತಾನೆ ಎಂಬ ಮಾತನ್ನು ನಂಬಿ ಅಪ್ಪ-ಅಮ್ಮ ಸೈಟು ಅಡ ಇಡುತ್ತಾರೆ. ಮುಂದಿನ ಸೆಪ್ಟೆಂಬರ್ ಪ್ರವೇಶಕ್ಕೆ ಅರ್ಜಿ ಹಾಕುವ ಮೊದಲು, ಅಲ್ಲಿನ ಸಂಬಳದ ಒಂದು ಡಾಲರನ್ನೂ ಸೇರಿಸದೆ ಕೋರ್ಸಿನ ಪೂರ್ತಿ ಫೀಸು ಹೊಂದುತ್ತದೆಯೇ ಎಂದು ಮನೆಯವರೆಲ್ಲ ಕೂತು ಲೆಕ್ಕ ಹಾಕಲಿ. ಹೊಂದದಿದ್ದರೆ ಆ ವರ್ಷ ಹೋಗುವುದು ಬೇಡ.