ಮನೆಮಾತು ಬ್ಯಾರಿ, ಪಾಠ ಕನ್ನಡ

ನಮ್ಮ ಒಂದನೇ ಕ್ಲಾಸಿನ ಮಗುವಿನ ದಿನವನ್ನೊಮ್ಮೆ ನೋಡಿ. ಬೆಳಿಗ್ಗೆ 7 ಗಂಟೆಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಓದುವ ಅರಬಿ ಅಕ್ಷರ. 10 ಗಂಟೆಗೆ ಶಾಲೆಯಲ್ಲಿ ಎಡದಿಂದ ಬಲಕ್ಕೆ ಕನ್ನಡ, ಜೊತೆಗೆ ಇಂಗ್ಲಿಷ್. ಮನೆಯಲ್ಲಿ ಬ್ಯಾರಿ. ಆರು ವರ್ಷದ ತಲೆಗೆ ಇದೇನು ಸಣ್ಣ ಕೆಲಸವಲ್ಲ. ಆದರೂ ಟೀಚರ್ ಕೇಳಿದ್ದಕ್ಕೆ ಬಾಯಿ ಬಿಡದಿದ್ದರೆ ದಡ್ಡ ಎಂಬ ಹೆಸರು ಬಂದುಬಿಡುತ್ತದೆ. ಎಷ್ಟೋ ಸಲ ಮಗುವಿಗೆ ಉತ್ತರ ಗೊತ್ತಿರುತ್ತದೆ, ಆದರೆ ಬ್ಯಾರಿಯಲ್ಲಿ.

ಇದಕ್ಕೆ ಹೆದರಿ ಕೆಲವು ಮನೆಗಳಲ್ಲಿ ಮಕ್ಕಳ ಜೊತೆ ಬ್ಯಾರಿ ಮಾತಾಡುವುದನ್ನೇ ನಿಲ್ಲಿಸಿ ಅರೆಬರೆ ಇಂಗ್ಲಿಷ್ ಶುರು ಮಾಡಿದ್ದಾರೆ. ಅದು ಬೇಡ. ಕನ್ನಡ ಓದಲು ಬಾರದ ಉಮ್ಮ ಕೂಡ ಮಗುವಿಗೆ ಕಲಿಸಬಹುದು. ಮಗ್ರಿಬ್ ಆದ ಮೇಲೆ 15 ನಿಮಿಷ ಟಿ.ವಿ., ಮೊಬೈಲ್ ಬಂದ್ ಮಾಡಿ ಹತ್ತಿರ ಕೂರಿಸಿಕೊಳ್ಳಿ. ಒಂದು ಪುಟ ಜೋರಾಗಿ ಓದಲಿ, ಆಮೇಲೆ ಅದರಲ್ಲಿ ಏನಿತ್ತೆಂದು ಬ್ಯಾರಿಯಲ್ಲಿ ಹೇಳಲಿ. ಬರೀ ಗಿಳಿಪಾಠವಾಗಿದ್ದರೆ ಅಲ್ಲಿ ಗೊತ್ತಾಗಿಬಿಡುತ್ತದೆ. ಗಲ್ಫಿನಿಂದ ಕರೆ ಮಾಡುವ ಉಪ್ಪ ಕೂಡ ಮಾರ್ಕ್ ಎಷ್ಟೆಂದು ಕೇಳುವ ಬದಲು ಆ ಕಥೆ ಕೇಳಲಿ.

ಉಸ್ತಾದರಾದ ನಮ್ಮ ಪಾಲೂ ಇದೆ. ಶಾಲೆಯಲ್ಲಿ ಪರೀಕ್ಷೆ ಇರುವ ವಾರ ಮದ್ರಸದ ಬಾಯಿಪಾಠ ಸ್ವಲ್ಪ ಕಡಿಮೆ ಮಾಡಿದರೆ ದೀನಿಗೆ ಕೊರತೆ ಬರುವುದಿಲ್ಲ. ತೂಕಡಿಸುವ ಮಗುವನ್ನು ಗದರಿಸುವ ಮೊದಲು ರಾತ್ರಿ ಎಷ್ಟು ಗಂಟೆಗೆ ಮಲಗಿದ್ದೆಂದು ಕೇಳೋಣ.

ಶಾಲೆಯ ಟೀಚರಿಗೂ ಒಂದು ಮಾತು: ಬ್ಯಾರಿಯಲ್ಲಿ ಬಂದ ಉತ್ತರವನ್ನು ತಪ್ಪೆನ್ನದೆ ಅದರ ಕನ್ನಡ ಪದ ಹೇಳಿಕೊಡಿ. ಬ್ಯಾರಿ ಗೊತ್ತಿಲ್ಲದಿದ್ದರೆ ಪಕ್ಕದಲ್ಲಿ ಕೂತ ಮಗುವನ್ನೇ ಕೇಳಿ, ಖುಷಿಯಿಂದ ಹೇಳುತ್ತದೆ. ಎಸ್‌ಡಿಎಂಸಿ ಸಭೆಗೆ ಹೋದರೆ ಪೋಷಕರೇ ಇದನ್ನು ಅಲ್ಲಿ ಹೇಳಬಹುದು. ಸದ್ಯಕ್ಕೆ ನಮ್ಮವರು ಹೋಗುವುದು ಕಡಿಮೆ.