ಜಾಲತಾಣಕ್ಕೊಂದು ಹೆಸರು, ಬಯಲಿಗೆ ಬಿದ್ದ ವಿಳಾಸ

ಸೇವೆಯಿಂದ ನಿವೃತ್ತನಾದ ವರ್ಷ, ಅಂದರೆ 2017ರಲ್ಲಿ, ನನ್ನ ಬಿಡಿ ಲೇಖನಗಳನ್ನೂ ಪಿಂಚಣಿ ನಿಯಮಗಳ ಕುರಿತ ಟಿಪ್ಪಣಿಗಳನ್ನೂ ಒಂದೆಡೆ ಇಡಲು ಜಾಲತಾಣವೊಂದಿದ್ದರೆ ಒಳ್ಳೆಯದೆಂದು ಸೋದರಳಿಯ ಸಲಹೆ ಮಾಡಿದ. ಡಾಟ್ ಕಾಮ್ ಎಂದು ಕೊನೆಗೊಳ್ಳುವ ಹೆಸರೊಂದನ್ನು ನೋಂದಾಯಿಸಲು ಕುಳಿತೆ. ಮೂರೂವರೆ ದಶಕ ಅರ್ಜಿಗಳ ನಡುವೆಯೇ ಬದುಕಿದವನು ನಾನು. ಅರ್ಜಿ ಎಂದರೆ ಯಾವ ಕಾಲಮನ್ನೂ ಖಾಲಿ ಬಿಡಬಾರದು, ಬರೆದದ್ದು ಸತ್ಯವಾಗಿರಬೇಕು ಎಂಬುದು ನನ್ನ ರಕ್ತದಲ್ಲೇ ಇದೆ. ಹೆಸರು, ಮನೆ ಸಂಖ್ಯೆ, ಅಡ್ಡರಸ್ತೆ, ಮೊಬೈಲ್ ಸಂಖ್ಯೆ, ಇ–ಮೇಲ್ ಎಲ್ಲವನ್ನೂ ಶ್ರದ್ಧೆಯಿಂದ ತುಂಬಿದೆ. ವಿವರಗಳನ್ನು ಮರೆಮಾಡಲು ಪ್ರತ್ಯೇಕ ಶುಲ್ಕವೆಂದು ಕೊನೆಯಲ್ಲೊಂದು ಸಾಲಿತ್ತು. ಮುಚ್ಚಿಡುವಂಥದ್ದು ನನ್ನಲ್ಲೇನಿದೆ ಎಂದುಕೊಂಡು ಅದನ್ನು ದಾಟಿಹೋದೆ.

ಎರಡನೆಯ ದಿನದಿಂದಲೇ ಕರೆಗಳು ಆರಂಭವಾದವು. ಜಾಲತಾಣ ವಿನ್ಯಾಸ ಮಾಡಿಕೊಡುತ್ತೇವೆ, ಗೂಗಲ್‌ನಲ್ಲಿ ಮೊದಲ ಪುಟಕ್ಕೆ ತರುತ್ತೇವೆ ಎನ್ನುವವರ ಕಾಟ ತಿಂಗಳುಗಟ್ಟಲೆ ನಡೆಯಿತು. ಅದನ್ನು ಸಹಿಸಿಕೊಳ್ಳಬಹುದಿತ್ತು. ಮುಂದೆ ನಮ್ಮ ಬಡಾವಣೆಯ ರಾಜಕಾಲುವೆ ಒತ್ತುವರಿಯ ಬಗ್ಗೆ ಆ ತಾಣದಲ್ಲಿ ಲೇಖನವೊಂದನ್ನು ಬರೆದೆ. ವಾರದೊಳಗೆ ಅಪರಿಚಿತನೊಬ್ಬ ದೂರವಾಣಿ ಮಾಡಿ, ಅತ್ಯಂತ ವಿನಯದಿಂದ ನನ್ನ ಮನೆಯ ವಿಳಾಸವನ್ನು ಓದಿ ಹೇಳಿ, ‘ಇದೇ ತಾನೇ ಸರ್?’ ಎಂದು ಕೇಳಿ ಫೋನಿಟ್ಟ. ಬೆದರಿಕೆಯ ಒಂದು ಮಾತೂ ಇರಲಿಲ್ಲ. ಅವನು ಓದಿದ್ದು ಪಾಲಿಕೆ ಎಂದೋ ಬದಲಿಸಿದ್ದ ಹಳೆಯ ಮನೆ ಸಂಖ್ಯೆ. ಅಭ್ಯಾಸಬಲದಿಂದ ಅದನ್ನು ನಾನು ತುಂಬಿದ್ದು ಆ ಒಂದು ಅರ್ಜಿಯಲ್ಲಿ ಮಾತ್ರ. ಆ ರಾತ್ರಿ ನನ್ನ ಹೆಂಡತಿ ಗೇಟಿಗೆ ಬೀಗ ಹಾಕಿದೆಯೇ ಎಂದು ಎರಡು ಸಲ ಎದ್ದು ನೋಡಿದಳು.

ಇದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಂತರ್ಜಾಲದ ಹೆಸರುಗಳ ಒಡೆಯರು ಯಾರೆಂದು ಹೇಳುವ ವಹಿಗೆ ‘ಹೂ ಈಸ್’ ಎಂದು ಹೆಸರು. 1982ರಲ್ಲಿ, ಅಂತರ್ಜಾಲದ ಪೂರ್ವರೂಪವಾದ ಅಮೆರಿಕದ ಅರ್ಪಾನೆಟ್ ಜಾಲದ ಕಾಲದಲ್ಲಿ, ಇದರ ಕ್ರಮ ಬರಹಕ್ಕಿಳಿಯಿತು. ಜಾಲವನ್ನು ಬಳಸುವವರು ತಮ್ಮ ಹೆಸರು, ಅಂಚೆ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಅದರಲ್ಲಿ ದಾಖಲಿಸಬೇಕಿತ್ತು. ಅಂದು ಬಳಕೆದಾರರೆಂದರೆ ಬಹುಪಾಲು ವಿಶ್ವವಿದ್ಯಾಲಯ, ಸಂಶೋಧನಾಲಯ ಮತ್ತು ಸೇನೆಗೆ ಸೇರಿದವರು. ಯಂತ್ರ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕೆಂದು ಗೊತ್ತಿರಲಿ ಎಂಬುದೇ ಉದ್ದೇಶ. 1998ರಲ್ಲಿ ಹೆಸರುಗಳ ಉಸ್ತುವಾರಿಗಾಗಿ ಐಕಾನ್ ಸಂಸ್ಥೆ ಹುಟ್ಟಿತು. ಹೆಸರು ಮಾರುವ ರಿಜಿಸ್ಟ್ರಾರ್ ಕಂಪನಿಗಳೊಂದಿಗಿನ ತನ್ನ ಒಪ್ಪಂದದಲ್ಲಿ ಈ ವಹಿಯ ಪ್ರಕಟಣೆಯನ್ನು ಅದು ಕಡ್ಡಾಯವಾಗಿಯೇ ಉಳಿಸಿಕೊಂಡಿತು. ಹೀಗೆ ಸಹೋದ್ಯೋಗಿಗಳಿಗಾಗಿ ಮಾಡಿದ ದೂರವಾಣಿ ಪಟ್ಟಿಯೊಂದು, ಯಾರೂ ಪುನರ್ವಿಮರ್ಶಿಸದೆ, ಜಗತ್ತಿನ ಜನಸಾಮಾನ್ಯರ ಮನೆ ವಿಳಾಸಗಳ ಬಹಿರಂಗ ಕೋಶವಾಯಿತು. ಸರ್ಕಾರಿ ಕಚೇರಿಗಳಲ್ಲಿ ಇಂಥ ನಮೂನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಾರಣ ಸತ್ತಿರುತ್ತದೆ, ಕಾಲಂ ಉಳಿದಿರುತ್ತದೆ.

ಬದಲಾವಣೆ ತಂದದ್ದು ಯುರೋಪಿನ ಕಾನೂನು. ದತ್ತಾಂಶ ರಕ್ಷಣೆಯ ಜಿಡಿಪಿಆರ್ ನಿಯಮಾವಳಿ 2018ರ ಮೇ 25ರಂದು ಜಾರಿಗೆ ಬಂದಿತು. ಅದಕ್ಕೆ ಎಂಟು ದಿನ ಮುಂಚೆ ಐಕಾನ್ ತರಾತುರಿಯಲ್ಲಿ ತಾತ್ಕಾಲಿಕ ನಿಯಮವೊಂದನ್ನು ಮಾಡಿ, ವ್ಯಕ್ತಿಗಳ ಹೆಸರು, ವಿಳಾಸಗಳನ್ನು ಸಾರ್ವಜನಿಕ ನೋಟದಿಂದ ತೆಗೆಯಲು ಅನುಮತಿಸಿತು. ಜರ್ಮನಿಯ ರಿಜಿಸ್ಟ್ರಾರ್ ಕಂಪನಿಯೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾಂತ್ರಿಕ ಮತ್ತು ಆಡಳಿತ ಸಂಪರ್ಕದ ವ್ಯಕ್ತಿಗಳ ವಿವರವನ್ನು ಸಂಗ್ರಹಿಸುವುದೇ ಇಲ್ಲವೆಂದಿತು. ಐಕಾನ್ ಬಾನ್ ನಗರದ ನ್ಯಾಯಾಲಯದ ಮೆಟ್ಟಿಲೇರಿತು, ಅದೇ ತಿಂಗಳಲ್ಲಿ ಸೋತಿತು. ಹಳೆಯ ಹೂ ಈಸ್ ಸೇವೆಯನ್ನು ನೀಡಲೇಬೇಕೆಂಬ ಕಡ್ಡಾಯ ಡಾಟ್ ಕಾಮ್‌ನಂಥ ಸಾಮಾನ್ಯ ಹೆಸರುಗಳ ಮಟ್ಟಿಗೆ 2025ರ ಜನವರಿ 28ಕ್ಕೆ ಕೊನೆಗೊಂಡಿದೆ. ನಮಗೆ ದೊರೆತಿರುವ ಈ ರಕ್ಷಣೆ ನಮ್ಮ ಸಂಸತ್ತು ಕೊಟ್ಟದ್ದಲ್ಲ, ಬ್ರಸೆಲ್ಸ್‌ನಿಂದ ಸೋರಿ ಬಂದದ್ದು.

ನಮ್ಮದೇ ಆದ ಡಾಟ್ ಇನ್ ಹೆಸರುಗಳ ಕಥೆ ಬೇರೆ. ಇವುಗಳ ವಹಿಯನ್ನು ನಿರ್ವಹಿಸುವುದು ನಿಕ್ಸಿ ಎಂಬ ರಾಷ್ಟ್ರೀಯ ಸಂಸ್ಥೆ. ಒಡೆಯನ ಬದಲು ಬೇರೊಂದು ಕಂಪನಿಯ ಹೆಸರು ನಮೂದಿಸುವ ಮರೆ ಸೇವೆಯನ್ನು ಡಾಟ್ ಇನ್ ನಿಯಮಗಳು ಒಪ್ಪುವುದಿಲ್ಲ. ಹಾಗೆಂದು ಇಂದು ವಹಿಯನ್ನು ತೆರೆದು ನೋಡಿದರೆ ವ್ಯಕ್ತಿಯ ಹೆಸರಾಗಲಿ ಬೀದಿಯಾಗಲಿ ಕಾಣದು. ಸಂಸ್ಥೆಯ ಹೆಸರು, ರಾಜ್ಯ ಮತ್ತು ದೇಶ ಮಾತ್ರ ಕಾಣುತ್ತವೆ. ಇಲ್ಲೊಂದು ಸಣ್ಣ ಹಳ್ಳವಿದೆ. ಸಂಸ್ಥೆ ಎಂಬ ಕಾಲಂ ಖಾಲಿ ಬಿಡಲು ಮನಸ್ಸಾಗದೆ ಅಲ್ಲೂ ತಮ್ಮ ಹೆಸರನ್ನೇ ತುಂಬುವ ನನ್ನಂಥ ಶ್ರದ್ಧಾವಂತರ ಹೆಸರು ಬಯಲಲ್ಲೇ ಉಳಿಯುತ್ತದೆ.

ಮರೆ ಸೇವೆಯೂ ಪೂರ್ತಿ ನಿರಪಾಯವಲ್ಲ. ಅದರಲ್ಲಿ ಎರಡು ಬಗೆ. ಒಂದರಲ್ಲಿ ಹೆಸರಿನ ಒಡೆಯರು ನೀವೇ, ಸಂಪರ್ಕ ವಿಳಾಸ ಮಾತ್ರ ಬೇರೆ. ಇನ್ನೊಂದರಲ್ಲಿ ವಹಿಯ ಪ್ರಕಾರ ಒಡೆತನವೇ ಸೇವೆ ನೀಡುವ ಕಂಪನಿಯದು, ನೀವು ಅದರ ಪರವಾನಗಿದಾರರು. ಬೇನಾಮಿ ಜಮೀನಿನ ವ್ಯಾಜ್ಯಗಳನ್ನು ಕಂಡವರಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ರಿಜಿಸ್ಟರ್‌ಫ್ಲೈ ಕಂಪನಿ 2007ರಲ್ಲಿ ಕುಸಿದು ಐಕಾನ್ ಅದರ ಮಾನ್ಯತೆಯನ್ನು ರದ್ದುಪಡಿಸಿದಾಗ, ಮರೆ ಸೇವೆ ಪಡೆದಿದ್ದ ಗ್ರಾಹಕರು ತಮ್ಮ ಹೆಸರುಗಳು ತಮ್ಮವೇ ಎಂದು ಸಾಬೀತುಪಡಿಸಲು ಪರದಾಡಿದರು. ಆದ್ದರಿಂದ ಹಣ ಕಟ್ಟಿದ ರಸೀದಿಯನ್ನೂ ಒಪ್ಪಂದದ ಪ್ರತಿಯನ್ನೂ ಜೋಪಾನವಾಗಿಡುವುದು ಒಳ್ಳೆಯದು.

ಹಾಗಾದರೆ ಸುಳ್ಳು ವಿಳಾಸ ಕೊಟ್ಟರಾಯಿತಲ್ಲ ಎಂದು ಕೇಳುವವರಿದ್ದಾರೆ. ಕೂಡದು. ಸುಳ್ಳು ವಿವರ ಕೊಟ್ಟರೆ ಹೆಸರನ್ನೇ ಕಳೆದುಕೊಳ್ಳಬೇಕಾದೀತು. ಡಾಟ್ ಕಾಮ್ ಹೆಸರುಗಳಲ್ಲಿ ಸಂಪರ್ಕ ವಿವರ 15 ದಿನಗಳೊಳಗೆ ದೃಢಪಡದಿದ್ದರೆ ತಾಣ ಸ್ಥಗಿತಗೊಳ್ಳಬಹುದು. ಸತ್ಯವೇ ಆದ, ಆದರೆ ಮನೆಯದಲ್ಲದ ವಿಳಾಸ ಕೊಡುವುದು ಮೇಲು. ಕಚೇರಿಯ ವಿಳಾಸವಾಗಬಹುದು, ಅಂಚೆ ಕಚೇರಿಯಲ್ಲಿ ಬಾಡಿಗೆಗೆ ಪಡೆದ ಪೆಟ್ಟಿಗೆಯಾಗಬಹುದು. ಈ ಕೆಲಸಕ್ಕೆಂದೇ ಒಂದು ಇ–ಮೇಲ್ ಇರಲಿ. ಮುಖ್ಯವಾದ ಮಾತೆಂದರೆ, ಈ ಎಚ್ಚರ ನೋಂದಣಿಯ ಮೊದಲ ದಿನವೇ ಬೇಕು. ಒಮ್ಮೆ ಪ್ರಕಟವಾದ ವಿವರವನ್ನು ಹೆಕ್ಕಿ ಸಂಗ್ರಹಿಸಿ, ಹಳೆಯ ವಹಿಗಳನ್ನು ಮಾರಾಟ ಮಾಡುವ ಉದ್ಯಮವೇ ಇದೆ. ನಾಳೆ ತೊಟ್ಟ ಮುಸುಕು ನಿನ್ನೆಯ ಭಾವಚಿತ್ರವನ್ನು ಅಳಿಸುವುದಿಲ್ಲ.

ಇದರ ವಿರುದ್ಧದ ವಾದವೂ ಬಲವಾಗಿಯೇ ಇದೆ. ದಾಬರ್ ಮೊದಲಾದ ಕಂಪನಿಗಳು ತಮ್ಮ ಹೆಸರಿನ ನಕಲಿ ತಾಣಗಳ ವಿರುದ್ಧ ದೆಹಲಿ ಹೈಕೋರ್ಟ್‌ಗೆ ಹೋದಾಗ ಮುಂದೆ ಬಂದ ಪ್ರಶ್ನೆಗಳಲ್ಲಿ ಇದೂ ಒಂದು: ಕೇಳದೆಯೇ ಎಲ್ಲರಿಗೂ ಮುಸುಕು ತೊಡಿಸಿದರೆ ಡೀಲರ್‌ಶಿಪ್ ಕೊಡುತ್ತೇವೆಂದು ಮುಂಗಡ ಹಣ ನುಂಗಿದ ವಂಚಕನನ್ನು ಹುಡುಕುವುದು ಹೇಗೆ? ಸಣ್ಣ ಊರಿನ ವ್ಯಾಪಾರಿ ಹೀಗೆ ಗಂಟು ಕಳೆದುಕೊಂಡರೆ ಅವನ ಕಣ್ಣೀರಿಗಿಂತ ನನಗೆ ಬಂದ ಫೋನ್ ಕರೆ ದೊಡ್ಡದೆಂದು ನಾನು ಹೇಳಲಾರೆ. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆಯೇ ಕೆಡುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಬರೆದರು.

ಆದರೆ ವಂಚಕ ತನ್ನ ನಿಜವಾದ ವಿಳಾಸ ಕೊಡುತ್ತಾನೆಯೇ? ಬಯಲು ವಹಿಯಲ್ಲಿ ಸಿಕ್ಕಿಬೀಳುವವನು ಪ್ರಾಮಾಣಿಕನೇ. ಮೇಲಾಗಿ, ಹಣ ಪಡೆಯುವವನು ಯಾರೆಂದು ತಿಳಿಸಲು ಬೇರೆ ದಾರಿಗಳಿವೆ. ವಿದ್ಯುನ್ಮಾನ ವ್ಯಾಪಾರ ಮಾಡುವ ಸಂಸ್ಥೆ ತನ್ನ ಕಾನೂನುಬದ್ಧ ಹೆಸರು, ವಿಳಾಸಗಳನ್ನು ತಾಣದಲ್ಲೇ ಪ್ರಕಟಿಸಬೇಕೆಂದು ಗ್ರಾಹಕ ಸಂರಕ್ಷಣೆಯ 2020ರ ನಿಯಮಗಳು ಹೇಳುತ್ತವೆ. ಬ್ಯಾಂಕುಗಳೆಲ್ಲ ಬ್ಯಾಂಕ್ ಡಾಟ್ ಇನ್ ಎಂದು ಕೊನೆಗೊಳ್ಳುವ ಹೆಸರಿಗೆ ಬದಲಾಗಲು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ವಿಧಿಸಿತು. ಇದು ಸರಿಯಾದ ದಾರಿ. ಠೇವಣಿ ಸ್ವೀಕರಿಸುವವರ, ಸರಕು ಮಾರುವವರ ಗುರುತು ಅಂಗಡಿಯ ಫಲಕದ ಮೇಲಿರಬೇಕು. ಕಾಲುವೆ ಒತ್ತುವರಿಯ ಬಗ್ಗೆ ಬರೆಯುವವನ, ಮನೆಯಲ್ಲಿ ಸಂಗೀತ ಹೇಳಿಕೊಡುವ ಒಂಟಿ ಹೆಣ್ಣುಮಗಳ, ಗಂಡನ ಹಿಂಸೆಯಿಂದ ಪಾರಾಗಿ ಬಂದು ತನ್ನ ಕಥೆ ಹೇಳುವವಳ ವಿಳಾಸ ರಿಜಿಸ್ಟ್ರಾರನ ಕಡತದಲ್ಲಿದ್ದರೆ ಸಾಕು. ತಿಳಿದಿರುವುದು ಬೇರೆ, ತೋರಿಸುವುದು ಬೇರೆ.

ಈ ವ್ಯತ್ಯಾಸವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ಆಸ್ತಿ ಕ್ರಯಪತ್ರ ಸಾರ್ವಜನಿಕ ದಾಖಲೆಯಾಗಿರಲು ಸಕಾರಣವಿದೆ, ಕೊಳ್ಳುವವನಿಗೆ ಋಣಭಾರ ತಿಳಿಯಬೇಕು. ಆದರೆ ಬೆಂಗಳೂರಿನಲ್ಲಿ 2023ರಲ್ಲಿ, ನೋಂದಾಯಿತ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ಬಳಸಿ ಬ್ಯಾಂಕ್ ಖಾತೆಗಳಿಂದ ಹಣ ಎಗರಿಸಿದ ದೂರುಗಳು ಬಂದವು. ಆಮೇಲೆ ಇಲಾಖೆ ಆ ಬೆರಳಚ್ಚುಗಳನ್ನು ಮರೆಮಾಡಲು ಮುಂದಾಯಿತು. ಋಣಭಾರ ತಿಳಿಯಬೇಕಾದವನಿಗೆ ಬೆರಳಚ್ಚು ಏಕೆ ಬೇಕಿತ್ತು ಎಂದು ಮೊದಲೇ ಯಾರೂ ಕೇಳಿಕೊಂಡಿರಲಿಲ್ಲ. ಆ ಯಾರೂ ಎಂಬವರಲ್ಲಿ ನನ್ನಂಥ ಅಧಿಕಾರಿಗಳೂ ಸೇರಿದ್ದೇವೆ.

ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದ್ದು 2023ರಲ್ಲಿ. ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ. ಅದರಲ್ಲೂ ಮುಖ್ಯ ಬಾಧ್ಯತೆಗಳು ಜಾರಿಯಾಗಲು ಮತ್ತೆ 18 ತಿಂಗಳ ಕಾಲಾವಕಾಶ. ಇಷ್ಟೆಲ್ಲ ಆದ ಮೇಲೂ ಕಾಯ್ದೆಯ 3ನೇ ಕಲಮಿನಲ್ಲಿ ಒಂದು ವಿನಾಯಿತಿಯಿದೆ. ವ್ಯಕ್ತಿಯೇ ಸಾರ್ವಜನಿಕಗೊಳಿಸಿದ ವೈಯಕ್ತಿಕ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಓದದೆ ಒಪ್ಪಿಗೆಯ ಗುರುತು ಒತ್ತಿದವನು ತನ್ನ ವಿಳಾಸವನ್ನು ತಾನೇ ಸಾರ್ವಜನಿಕಗೊಳಿಸಿದನೆಂದು ವಾದಿಸುವುದು ವಕೀಲರಿಗೆ ಕಷ್ಟವಾಗದು. ಇದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಗೆ ತಿದ್ದುಪಡಿ ತಂದು, ಅಧಿಕಾರಿಗಳ ವೈಯಕ್ತಿಕ ಮಾಹಿತಿಗೆ ಮೊದಲಿಗಿಂತ ಗಟ್ಟಿಯಾದ ಬಾಗಿಲು ಹಾಕಿದೆ. ನಮ್ಮ ವರ್ಗದ ಬಗ್ಗೆ ಶಾಸಕಾಂಗಕ್ಕಿರುವ ಕಾಳಜಿಗೆ ನಾನು ಕೃತಜ್ಞನಾಗಿರಬೇಕೇನೋ.

ಕಡತ ತೆರೆಯುವ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನು ಕಾನೂನು ಸ್ಪಷ್ಟವಾಗಿ ಬಗೆಹರಿಸಬೇಕು. ಲಿಖಿತ ಕೋರಿಕೆ, ಕಾರಣ, ಕೋರಿದ ಅಧಿಕಾರಿ ಅಥವಾ ವಕೀಲನ ಹೆಸರು, ಉತ್ತರಕ್ಕೊಂದು ಗಡುವು ಇರಲಿ. ತನಿಖೆಗೆ ತೊಡಕಾಗದ ಹಂತದಲ್ಲಿ ಹೆಸರಿನ ಒಡೆಯನಿಗೆ ತಿಳಿವಳಿಕೆ ಹೋಗಲಿ. ಐಕಾನ್ 2023ರ ನವೆಂಬರ್‌ನಲ್ಲಿ ಇಂಥ ಕೋರಿಕೆಗಳಿಗೆ ಒಂದು ವ್ಯವಸ್ಥೆ ಆರಂಭಿಸಿತು. ಆದರೆ ರಿಜಿಸ್ಟ್ರಾರ್‌ಗಳು ಅದರಲ್ಲಿ ಪಾಲ್ಗೊಳ್ಳುವುದನ್ನು ಅವರ ಇಚ್ಛೆಗೇ ಬಿಟ್ಟಿತು. ಇಚ್ಛೆಗೆ ಬಿಟ್ಟ ಕರ್ತವ್ಯ ಎಷ್ಟು ನಡೆಯುತ್ತದೆಂದು ಹೇಳಲು ಆಡಳಿತದ ಅನುಭವ ಬೇಕಿಲ್ಲ.

ಕಳೆದ ಸಲ ನವೀಕರಿಸಿದ ಮೇಲೆ ನನ್ನ ತಾಣದ ವಿವರವನ್ನು ತೆರೆದು ನೋಡಿದೆ. ಕರ್ನಾಟಕ, ಭಾರತ ಎಂದಷ್ಟೇ ಇದೆ. ಆದರೆ ಹಳೆಯ ವಹಿಗಳನ್ನು ಮಾರುವವರ ಬಳಿ 2017ರ ಪ್ರತಿ ಇದ್ದೇ ಇರಬೇಕು. ಮೊನ್ನೆ ಜಾಲತಾಣ ವಿನ್ಯಾಸದ ಹುಡುಗನೊಬ್ಬ ಕಳುಹಿಸಿದ ಪತ್ರ ಅಂಚೆಯಲ್ಲಿ ಬಂತು. ಲಕೋಟೆಯ ಮೇಲೆ ಆ ಹಳೆಯ ಮನೆ ಸಂಖ್ಯೆಯೇ ಇತ್ತು.